ಕಾರಿನೊಳಗೆ ಸದ್ದು ಬರುವ ದಾರಿಗಳು

ಉಡುಪಿ ಜಿಲ್ಲೆಯ ಉತ್ತರದ ಗಡಿಯಲ್ಲಿರುವ ಊರು ಶಿರೂರು. ಅದನ್ನು ದಾಟಿದರೆ ಭಟ್ಕಳದ ಸೀಮೆ. ಹಿಂದೆ 17ನೆಯ ಸಂಖ್ಯೆಯಿಂದ ಹೆಸರಾಗಿದ್ದು ಈಗ 66 ಎನಿಸಿಕೊಂಡಿರುವ ರಾಷ್ಟ್ರೀಯ ಹೆದ್ದಾರಿ ಈ ಊರನ್ನು ಹಾದು, ಒತ್ತಿನೆಣೆಯ ಗುಡ್ಡವನ್ನು ಸೀಳಿಕೊಂಡು ಬೈಂದೂರಿಗೆ ಇಳಿಯುತ್ತದೆ. ಮುಂದೆ ಮರವಂತೆಯಲ್ಲಿ ಒಂದು ಮಗ್ಗುಲಿಗೆ ಕಡಲನ್ನೂ ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿಯನ್ನೂ ಇರಿಸಿಕೊಂಡು ಕುಂದಾಪುರವನ್ನು ಸೇರುತ್ತದೆ. ಸುಮಾರು 40 ಕಿಲೋಮೀಟರುಗಳ ಈ ಪ್ರಯಾಣದಲ್ಲಿ ಕಣ್ಣಿಗೆ ಬೇಸರವೆಂಬುದಿಲ್ಲ. ಕಿವಿಯ ಮಾತು ಬೇರೆ.

ನಮ್ಮ ಮನೆಯ ಹಿರಿಯರೊಬ್ಬರಿಗೆ ಕಿವಿ ಕೊಂಚ ಮಂದ. ಜಗಲಿಯಲ್ಲಿ ಕುಳಿತಾಗ ಅವರು ನಮ್ಮೊಡನೆ ಲೋಕಾಭಿರಾಮವಾಗಿ ಮಾತನಾಡುವರು. ಆದರೆ ವೈದ್ಯರನ್ನು ಕಾಣಲೆಂದು ನಮ್ಮ ಹಳೆಯ ಚಿಕ್ಕ ಕಾರಿನ ಹಿಂದಿನ ಆಸನದಲ್ಲಿ ಕುಳಿತು ಹೊರಟು, ವೇಗವು ಗಂಟೆಗೆ 60 ಕಿಲೋಮೀಟರನ್ನು ಮೀರಿತೆಂದರೆ, ನಾವು ಹೇಳಿದುದನ್ನು ಎರಡೆರಡು ಬಾರಿ ಕೇಳುವರು. ಮೂರನೆಯ ಬಾರಿ ಕೇಳಲು ಸಂಕೋಚಪಟ್ಟು ಸುಮ್ಮನಾಗಿಬಿಡುವರು. ಕಿವಿಗೆ ಯಂತ್ರವನ್ನು ಹಾಕಿಕೊಂಡರೆ ಅದು ಮಾತಿನೊಡನೆ ಸದ್ದನ್ನೂ ಹೆಚ್ಚಿಸಿ ಕೊಡುತ್ತಿತ್ತು. ಈ ಮೌನವನ್ನು ಕಂಡ ಮೇಲೆ ಕಾರಿನ ಸದ್ದನ್ನು ನಾವೇ ಅಡಗಿಸಬೇಕೆಂದು ಹೊರಟೆವು. ಮೊದಲ ಬಾರಿಗೆ ಸೋತೆವು. ಆ ಸೋಲಿನಲ್ಲಿ ಭೌತಶಾಸ್ತ್ರದ ಒಂದು ಒಳ್ಳೆಯ ಪಾಠ ಅಡಗಿದ್ದುದರಿಂದ ಅದನ್ನು ಇಲ್ಲಿ ವಿದ್ಯಾರ್ಥಿಗಳ ಮುಂದಿಡುತ್ತೇವೆ.

ಮೊದಲು, ಮಾತು ಏಕೆ ಕೇಳಿಸುವುದಿಲ್ಲ ಎಂಬುದನ್ನು ನೋಡೋಣ. ಉರುಳುವ ಚಕ್ರಗಳಿಂದ ಕಾರಿನೊಳಗೆ ತುಂಬುವ ಸದ್ದಿನ ಬಹುಪಾಲು ತಗ್ಗಿನ ದನಿ. ಸೆಕೆಂಡಿಗೆ ಕೆಲವು ಹತ್ತರಿಂದ ಕೆಲವು ನೂರು ಕಂಪನಗಳುಳ್ಳದ್ದು. ಮಾತಿನಲ್ಲಿ ಸ್ವರಗಳು ಬಲವಾದವು. ಸ, ಶ, ತ, ಕ ಮೊದಲಾದ ವ್ಯಂಜನಗಳ ದನಿಯಾದರೋ ಕ್ಷೀಣವಾದುದು, ಮತ್ತು ಸೆಕೆಂಡಿಗೆ ಸಾವಿರಾರು ಕಂಪನಗಳಷ್ಟು ಮೇಲಿನದು. ನಮ್ಮ ಕಿವಿಯ ಒಂದು ವಿಚಿತ್ರ ಗುಣವೆಂದರೆ, ಜೋರಾದ ತಗ್ಗಿನ ದನಿಯು ತನಗಿಂತ ಮೇಲಿನ ದನಿಗಳನ್ನು ಮರೆಮಾಡುತ್ತದೆ. ಮೇಲಿನ ದನಿಯು ತಗ್ಗಿನದನ್ನು ಅಷ್ಟು ಸುಲಭವಾಗಿ ಮರೆಮಾಡಲಾರದು. ಆದುದರಿಂದ ರಸ್ತೆಯ ಗುಂಯ್‌ಗುಡುವಿಕೆಯಲ್ಲಿ ಸ್ವರಗಳು ಉಳಿದು ವ್ಯಂಜನಗಳು ಅಳಿಸಿಹೋಗುವುವು. ‘ಹಾಲು’ ಎಂದುದು ‘ಕಾಲು’ ಎಂದೂ ‘ಸಾಲು’ ಎಂದೂ ಕೇಳಿಸಬಹುದು. ವಯಸ್ಸಾದವರಿಗೆ ಮೇಲಿನ ದನಿಗಳೇ ಮೊದಲು ಮಂದವಾಗುವುದರಿಂದ ಅವರ ಕಷ್ಟವು ಇಮ್ಮಡಿಯಾದುದು.

ಸದ್ದಿನ ಅಳತೆ ಡೆಸಿಬೆಲ್ ಎಂಬ ಮಾನದಿಂದ ಆಗುತ್ತದೆ. ಇದು ಕೂಡುವ ಕಳೆಯುವ ಸಾಮಾನ್ಯ ಅಳತೆಯಲ್ಲ. ಸದ್ದಿನ ಸಾಮರ್ಥ್ಯವು ಹತ್ತು ಮಡಿಯಾದಾಗ ಅಳತೆಯು 10 ಡೆಸಿಬೆಲ್ ಏರುವುದು. ಇಮ್ಮಡಿಯಾದಾಗ ಏರುವುದು ಕೇವಲ 3. ಕಿವಿಗೆ ‘ಸದ್ದು ಅರ್ಧವಾಯಿತು’ ಎನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಇಳಿಯಬೇಕು, ಎಂದರೆ ಸಾಮರ್ಥ್ಯದ ಹತ್ತರಲ್ಲಿ ಒಂಬತ್ತು ಪಾಲನ್ನು ತಡೆಯಬೇಕು. ಹೆದ್ದಾರಿಯ ವೇಗದಲ್ಲಿ ಚಿಕ್ಕ ಕಾರೊಂದರ ಒಳಗಿನ ಸದ್ದು ಸಾಮಾನ್ಯವಾಗಿ 70 ಡೆಸಿಬೆಲ್‌ಗಳ ಆಸುಪಾಸಿನಲ್ಲಿರುವುದು. ಎದುರುಬದುರು ಕುಳಿತವರ ಸಾಧಾರಣ ಮಾತು ಸುಮಾರು 60. ಹೀಗಿರುವಾಗ ಮಾತು ಸೋಲುವುದರಲ್ಲಿ ಆಶ್ಚರ್ಯವೇನು?

ಇನ್ನು ನಮ್ಮ ಸೋಲಿನ ಕಥೆ. ಬಾಗಿಲುಗಳು ತೆಳುವಾದ ತಗಡಿನವು, ಅವುಗಳ ಆಚೆಗೇ ರಸ್ತೆಯಿದೆ, ಆದುದರಿಂದ ಸದ್ದು ಬಾಗಿಲುಗಳಿಂದಲೇ ಬರುತ್ತಿರಬೇಕೆಂದು ಊಹಿಸಿದೆವು. ಬೇಸಗೆಯ ರಜೆಯಲ್ಲಿ ನಾಲ್ಕೂ ಬಾಗಿಲುಗಳ ಒಳಹೊದಿಕೆಯನ್ನು ಬಿಚ್ಚಿ, ಅಂಗಡಿಯಿಂದ ತಂದ ಸ್ಪಂಜಿನ ಹಾಳೆಗಳನ್ನು ಮೇಲಿನಿಂದ ಕೆಳಗಿನವರೆಗೆ ಅಂಟಿಸಿದೆವು. ಬಾಗಿಲಿನ ತಳದಲ್ಲಿದ್ದ ಸಣ್ಣ ತೂತುಗಳನ್ನು ಕಂಡು, ಇವು ಸದ್ದಿಗೆ ದಾರಿಯೆಂದು ತಿಳಿದು ಅವನ್ನೂ ಮುಚ್ಚಿದೆವು. ಎರಡು ದಿನಗಳ ಬೆವರಿನ ಬಳಿಕ ಬೈಂದೂರಿಗೆ ಹೋಗಿಬಂದಾಗ ಸದ್ದು ಮೊದಲಿದ್ದಂತೆಯೇ ಇದ್ದಿತು. ಬಾಗಿಲು ಹಾಕುವಾಗ ಮಾತ್ರ ‘ಟಪ್’ ಎನ್ನುತ್ತಿದ್ದುದು ‘ದಬ್’ ಎಂದಿತು. ಜೂನ್ ತಿಂಗಳು ಬಂದು ಮಳೆ ಹಿಡಿದ ಮೇಲೆ, ತಿರುವುಗಳಲ್ಲಿ ಬಾಗಿಲಿನೊಳಗಿಂದ ಕೊಡದಲ್ಲಿ ನೀರು ತುಳುಕಿದಂತಹ ಹೊಸ ಸದ್ದೊಂದು ಕೇಳತೊಡಗಿತು!

ದಾರಿಗಳ ಲೆಕ್ಕ

ನಾವು ಎಡವಿದುದು ಎಲ್ಲಿ? ಸದ್ದು ಒಂದೇ ದಾರಿಯಿಂದ ಬರುವುದೆಂದು ಭಾವಿಸಿದುದರಲ್ಲಿ. ಟಯರು ರಸ್ತೆಯನ್ನು ತಾಕುವ ಸ್ಥಳದಲ್ಲಿ ಎರಡು ಬಗೆಯ ಕೆಲಸ ನಡೆಯುತ್ತದೆ. ಟಯರಿನ ಉಬ್ಬುಗಳು ಡಾಮರಿನ ಜಲ್ಲಿಯ ಮೇಲೆ ಒಂದಾದ ಮೇಲೊಂದರಂತೆ ಬಡಿಯುವುವು. ಉಬ್ಬುಗಳ ನಡುವಣ ಕಾಲುವೆಗಳಲ್ಲಿ ಸಿಕ್ಕಿದ ಗಾಳಿಯು ಹಿಂಡಿಸಿಕೊಂಡು ಹೊರಗೆ ಚಿಮ್ಮುವುದು. ಇದರಿಂದ ಹುಟ್ಟುವ ಸದ್ದು ಸೆಕೆಂಡಿಗೆ ಸುಮಾರು 1,000 ಕಂಪನಗಳ ನೆರೆಯಲ್ಲಿ ಅತ್ಯಂತ ಜೋರಾಗಿದ್ದು, ಗಾಳಿಯ ಮೂಲಕ ಸಾಗಿ ಗಾಜು, ತಗಡು, ಬಿರುಕುಗಳ ದಾರಿಯಾಗಿ ಒಳಗೆ ಬರುತ್ತದೆ. ಎರಡನೆಯದಾಗಿ, ರಸ್ತೆಯ ಏರುತಗ್ಗುಗಳು ಚಕ್ರವನ್ನೇ ನಡುಗಿಸುವುವು; ಆ ನಡುಕವು ಅಚ್ಚು, ಸ್ಪ್ರಿಂಗು, ಅವುಗಳ ಬೋಲ್ಟುಗಳ ಮೂಲಕ ಕಾರಿನ ಮೈಗೆ ಏರಿ, ನೆಲದ ತಗಡನ್ನೂ ಮಡ್‌ಗಾರ್ಡಿನ ಒಳತಗಡನ್ನೂ ಚಂಡೆಯ ಚರ್ಮದಂತೆ ಕಂಪಿಸುವುದು. ಈ ಸದ್ದು ಗಾಳಿಯಲ್ಲಿ ಬಂದುದಲ್ಲ, ಉಕ್ಕಿನಲ್ಲಿ ಬಂದುದು. ಸುಮಾರು 500 ಕಂಪನಗಳ ಕೆಳಗಿನ ಗುಡುಗುವ ಸದ್ದಿನಲ್ಲಿ ಇದರದೇ ಮೇಲುಗೈ. ಬಾಗಿಲಿಗೆ ಎಷ್ಟು ಸ್ಪಂಜನ್ನು ತುಂಬಿದರೂ ನೆಲದ ತಗಡು ಕಂಪಿಸುವುದು ನಿಲ್ಲುವುದೆ?

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಮಾಡಬೇಕು. ಒಳಗೆ ಬರುವ ಸದ್ದಿನ ಸಾಮರ್ಥ್ಯವನ್ನು ಹತ್ತು ಪಾಲೆಂದು ತಿಳಿಯೋಣ. ಅದರಲ್ಲಿ ಒಂಬತ್ತು ಪಾಲು ನೆಲದಿಂದಲೂ ಒಂದು ಪಾಲು ಬಾಗಿಲುಗಳಿಂದಲೂ ಬರುತ್ತಿರಲಿ. ಬಾಗಿಲಿನ ದಾರಿಯನ್ನು ನಾವು ಪೂರ್ತಿಯಾಗಿ ಮುಚ್ಚಿಬಿಟ್ಟೆವೆಂದರೂ ಉಳಿಯುವುದು ಒಂಬತ್ತು ಪಾಲು. ಇಳಿಕೆಯು ಅರ್ಧ ಡೆಸಿಬೆಲ್ಲಿಗೂ ಕಡಿಮೆ, ಕಿವಿಗೆ ತಿಳಿಯುವುದೇ ಇಲ್ಲ. ಅದರ ಬದಲು ನೆಲದ ದಾರಿಯನ್ನು ಮುಚ್ಚಿದರೆ ಉಳಿಯುವುದು ಒಂದು ಪಾಲು. ಇಳಿಕೆ 10 ಡೆಸಿಬೆಲ್, ಸದ್ದು ಅರ್ಧವಾದಂತೆ. ಎರಡೂ ದಾರಿಗಳು ಸಮಸಮವಾಗಿದ್ದರೆ ಒಂದನ್ನು ಮುಚ್ಚಿದುದರ ಲಾಭ 3 ಡೆಸಿಬೆಲ್ ಮಾತ್ರ. ಹಣವನ್ನೂ ಬೆವರನ್ನೂ ಸುರಿಯುವ ಮೊದಲು ದೊಡ್ಡ ದಾರಿ ಯಾವುದೆಂದು ಹುಡುಕಬೇಕಾದುದು ಇದಕ್ಕಾಗಿಯೇ.

ಹುಡುಕುವುದಕ್ಕೆ ದೊಡ್ಡ ಉಪಕರಣಗಳು ಬೇಡ. ಮನೆಯಲ್ಲಿರುವ ಭಾರವಾದ ಕಂಬಳಿಗಳು ನಾಲ್ಕೈದು ಸಾಕು. ಒಬ್ಬರು ಕಾರನ್ನು ನಡೆಸಲಿ. ಕಿವಿಗೊಡುವ ಕೆಲಸವನ್ನು ಹಿಂದೆ ಕುಳಿತವರು ಮಾಡಲಿ. ಚಾಲಕನು ರಸ್ತೆಯ ಹೊರತು ಬೇರೊಂದನ್ನು ಗಮನಿಸಕೂಡದು. ಹೆದ್ದಾರಿಯ ಒಂದೇ ತುಂಡನ್ನು ಒಂದೇ ವೇಗದಲ್ಲಿ, ಗಾಜುಗಳನ್ನು ಏರಿಸಿ, ಬೀಸಣಿಗೆಯನ್ನು ನಿಲ್ಲಿಸಿ, ಒಣರಸ್ತೆಯಲ್ಲಿ ಮತ್ತೆ ಮತ್ತೆ ಹಾಯಬೇಕು. ಒಮ್ಮೆ ಕಂಬಳಿಗಳನ್ನು ಹಿಂಬದಿಯ ನೆಲದ ಮೇಲೆ ಮಡಚಿ ಹಾಸುವುದು, ಇನ್ನೊಮ್ಮೆ ಡಿಕ್ಕಿಯಲ್ಲಿ ತುಂಬುವುದು, ಮತ್ತೊಮ್ಮೆ ಹಿಂದಿನ ಚಕ್ರಗಳ ಮೇಲಿನ ಉಬ್ಬಿಗೆ ಹೊದಿಸುವುದು. ಎಲ್ಲಿ ಹಾಸಿದಾಗ ವ್ಯತ್ಯಾಸ ಕಾಣುವುದೋ ಅಲ್ಲಿ ದಾರಿಯಿದೆ. ನಮ್ಮ ಕಾರಿನಲ್ಲಿ ಬಾಗಿಲು ನಿರ್ದೋಷಿಯೆಂದು ತಿಳಿಯಿತು. ಡಿಕ್ಕಿಯಲ್ಲಿ ಹೆಚ್ಚುವರಿ ಚಕ್ರವನ್ನಿಡುವ ಗುಂಡಿಯೂ ಹಿಂದಿನ ಮಡ್‌ಗಾರ್ಡಿನ ಒಳಮೈಯೂ ಬರಿಯ ತಗಡಾಗಿದ್ದು, ಹಿರಿಯರು ಕುಳಿತುಕೊಳ್ಳುವ ಆಸನದ ಬೆನ್ನಿಗೇ ಎರಡು ನಗಾರಿಗಳನ್ನು ಇಟ್ಟಂತೆ ಇದ್ದಿತು.

ಈಗಿನ ಮೊಬೈಲು ಫೋನುಗಳಲ್ಲಿ ಸದ್ದನ್ನು ಅಳೆಯುವ ಅನುಕೂಲವುಂಟು. ಅದನ್ನು ಬಳಸಬಹುದು, ಆದರೆ ಅದರ ಮಾತನ್ನು ಪೂರ್ತಿ ನಂಬಬಾರದು. ಇಂತಹ ಅಳತೆಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ‘ಎ’ ಮಾನವು ಕಿವಿಯ ಸ್ವಭಾವವನ್ನು ಅನುಸರಿಸಿ ತಗ್ಗಿನ ದನಿಗಳನ್ನು ಕಡಿಮೆಯಾಗಿ ಎಣಿಸುತ್ತದೆ. 100 ಕಂಪನಗಳ ದನಿಯಲ್ಲಿ ಈ ಕಡಿತವು ಸುಮಾರು 19 ಡೆಸಿಬೆಲ್. ಎದೆಗೆ ತಾಕುವ ಗುಡುಗು ಇಳಿದಿದ್ದರೂ ಫೋನಿನ ಅಂಕಿ ಅಲುಗದಿರಬಹುದು.

ಅಡಗಿಸುವುದು, ತಡೆಯುವುದು, ಹೀರುವುದು

ಅಂಗಡಿಗಳಲ್ಲಿ ‘ಸೌಂಡ್ ಪ್ರೂಫ್ ಹಾಳೆ’ ಎಂಬ ಒಂದೇ ಹೆಸರಿನಲ್ಲಿ ಮಾರುವ ವಸ್ತುಗಳು ಮೂರು ಬೇರೆ ಬೇರೆ ಕೆಲಸಗಳನ್ನು ಮಾಡತಕ್ಕವು. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಲಾಗದು.

ದೇವಸ್ಥಾನದ ಜಾಗಟೆಯನ್ನು ಬಡಿದು ಬಿಟ್ಟರೆ ಅದು ಬಹಳ ಹೊತ್ತು ಮೊಳಗುವುದು. ಅಂಗೈಯನ್ನು ಅದಕ್ಕೆ ಒತ್ತಿದ ಕೂಡಲೇ ಸದ್ದು ಸತ್ತುಹೋಗುವುದು. ಅಂಗೈಯು ಸದ್ದನ್ನು ಮುಚ್ಚಲಿಲ್ಲ. ಲೋಹದ ಕಂಪನಶಕ್ತಿಯನ್ನು ತನ್ನ ಮೆತ್ತಗಿನ ಮಾಂಸದಲ್ಲಿ ಶಾಖವಾಗಿ ಮಾರ್ಪಡಿಸಿತು. ಇದಕ್ಕೆ ಅವಮಂದನವೆಂದು ಹೆಸರು. ನಮ್ಮ ಕರಾವಳಿಯವರಿಗೆ ಇನ್ನೊಂದು ನಿದರ್ಶನವೂ ಗೊತ್ತು: ಹಂಚಿನ ಮಾಡಿನ ಕೆಳಗೆ ಎಂತಹ ಮಳೆಯಲ್ಲಿಯೂ ಮಾತನಾಡಬಹುದು, ತಗಡಿನ ಮಾಡಿನ ಕೆಳಗೆ ಆಗದು. ತಗಡು ತೆಳುವಾಗಿಯೂ ಹರವಾಗಿಯೂ ಇದ್ದು, ಪ್ರತಿಯೊಂದು ಹನಿಗೂ ಮೊಳಗುತ್ತದೆ. ಕಾರಿನ ಮೈಯೂ ಅಂತಹುದೇ ತಗಡು.

ಈ ಕೆಲಸಕ್ಕೆ ಈಗ ಬಳಸುವುದು ಬ್ಯುಟೈಲ್ ರಬ್ಬರಿನ ಅಂಟುಹಾಳೆ. ಮೇಲೆ ಅಲ್ಯೂಮಿನಿಯಮ್ಮಿನ ತೆಳು ಪದರ. 1937ರಲ್ಲಿ ಅಮೆರಿಕದ ರಾಬರ್ಟ್ ಥಾಮಸ್ ಮತ್ತು ವಿಲಿಯಂ ಸ್ಪಾರ್ಕ್ಸ್ ಎಂಬ ರಸಾಯನಜ್ಞರು ತಯಾರಿಸಿದ ಈ ರಬ್ಬರು ಗಾಳಿಯನ್ನು ಸೋರಗೊಡದಿರುವುದರಿಂದ ಟಯರಿನ ಒಳಟ್ಯೂಬುಗಳಿಗೆ ಬಂದುದು. ಪುಟನೆಗೆಯದೆ ಜಡವಾಗಿ ಬೀಳುವುದು ಅದರ ಇನ್ನೊಂದು ಗುಣ. ಎಂದರೆ ಕೊಟ್ಟ ಶಕ್ತಿಯನ್ನು ಅದು ಹಿಂದಿರುಗಿಸದೆ ನುಂಗಿಬಿಡುತ್ತದೆ. ತಗಡು ಬಾಗಿದಾಗ ಅದಕ್ಕೂ ಅಲ್ಯೂಮಿನಿಯಮ್ಮಿನ ಪದರಕ್ಕೂ ನಡುವೆ ಸಿಕ್ಕಿದ ರಬ್ಬರು ಅತ್ತಿತ್ತ ಎಳೆದಾಡಲ್ಪಟ್ಟು ಕಂಪನವನ್ನು ಶಾಖವಾಗಿ ಮಾಡುತ್ತದೆ. ಅಗ್ಗವಾದ ಡಾಮರು ಹಾಳೆಗಳೂ ದೊರೆಯುವುವು. ಬೇಸಗೆಯ ಬಿಸಿಲಿನಲ್ಲಿ ನಿಂತ ಕಾರಿನ ಮಾಡಿನಲ್ಲಿ ಅವು ಮೆತ್ತಗಾಗಿ ವಾಸನೆ ಬೀರಿ, ಕಳಚಿ ಬೀಳುವುದುಂಟು; ಆದುದರಿಂದ ಅವನ್ನು ನಾವು ಒಪ್ಪುವುದಿಲ್ಲ. ತಗಡನ್ನು ಇಡಿಯಾಗಿ ಮುಚ್ಚುವ ಅಗತ್ಯವೂ ಇಲ್ಲ. ಜಾಗಟೆಗೆ ಒಂದು ಅಂಗೈ ಸಾಕಾದಂತೆ, ಹರವಾದ ತಗಡಿನ ನಡುಭಾಗದಲ್ಲಿ, ಅದರ ವಿಸ್ತಾರದ ನಾಲ್ಕರಲ್ಲಿ ಒಂದು ಪಾಲಿನಷ್ಟನ್ನು ಮುಚ್ಚಿದರೆ ಪ್ರಯೋಜನದ ಬಹುಪಾಲು ದೊರೆಯುವುದು. ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಬೇಕು: ‘ಟಣ್’ ಎನ್ನುವಲ್ಲಿ ಹಾಳೆ ಬೇಕು, ‘ದಬ್’ ಎನ್ನುವಲ್ಲಿ ಬೇಡ. ಅಂಟಿಸುವ ಮೊದಲು ತಗಡಿನ ಎಣ್ಣೆ ಧೂಳುಗಳನ್ನು ಸ್ಪಿರಿಟ್ಟಿನಿಂದ ಒರೆಸಿ ಒಣಗಿಸಿ, ಬಳಿಕ ಸಣ್ಣ ರೋಲರಿನಿಂದ ಗಾಳಿಗುಳ್ಳೆ ಉಳಿಯದಂತೆ ಒತ್ತುವುದು ಮುಖ್ಯ.

ತಡೆಯುವ ಕೆಲಸಕ್ಕೆ ಬೇಕಾದುದು ತೂಕ. ಗಾಳಿಯ ಅಲೆಯು ಗೋಡೆಯನ್ನು ತಳ್ಳುವುದು. ಗೋಡೆಯು ಭಾರವಾದಷ್ಟೂ ಕಡಿಮೆ ಅಲುಗುವುದು. ತೂಕವು ಇಮ್ಮಡಿಯಾದರೆ ತಡೆಯು 6 ಡೆಸಿಬೆಲ್ ಹೆಚ್ಚುವುದೆಂದೂ, ಕಂಪನಸಂಖ್ಯೆಯು ಇಮ್ಮಡಿಯಾದಾಗಲೂ ಅಷ್ಟೇ ಹೆಚ್ಚುವುದೆಂದೂ ನಿಯಮವಿದೆ. 0.8 ಮಿಲಿಮೀಟರ್ ದಪ್ಪದ ಉಕ್ಕಿನ ತಗಡಿನ ಒಂದು ಚದರ ಮೀಟರು ಸುಮಾರು 6.3 ಕಿಲೋಗ್ರಾಂ ತೂಗುವುದು. ಲೆಕ್ಕದ ಪ್ರಕಾರ ಅದು 500 ಕಂಪನಗಳ ದನಿಯನ್ನು 23 ಡೆಸಿಬೆಲ್‌ಗಳಷ್ಟು ತಡೆಯುವುದು. 100 ಕಂಪನಗಳದನ್ನಾದರೆ 9 ಮಾತ್ರ. ಅದರ ಮೇಲೆ ಚದರ ಮೀಟರಿಗೆ 5 ಕಿಲೋಗ್ರಾಂ ತೂಗುವ ರಬ್ಬರು ಹಾಸನ್ನು ಹಾಸಿದರೆ ದೊರೆಯುವ ಹೆಚ್ಚಿನ ತಡೆ ಸುಮಾರು 5 ಡೆಸಿಬೆಲ್. ನೆಲವು 3 ಚದರ ಮೀಟರು ಇದ್ದರೆ 15 ಕಿಲೋಗ್ರಾಂ ಭಾರ ಬಿತ್ತು. ಇನ್ನೊಂದು 5 ಡೆಸಿಬೆಲ್ ಬೇಕೆಂದರೆ ಇನ್ನೂ 15 ಕಿಲೋಗ್ರಾಂ ಸಾಲದು, ಅದಕ್ಕಿಂತ ಬಹಳ ಹೆಚ್ಚು ಬೇಕು. ಚಿಕ್ಕ ಕಾರಿನಲ್ಲಿ ಒಂದು ಹಾಸಿಗೆ ನಿಲ್ಲಿಸುವುದೇ ವಿವೇಕ.

ಹೀರುವ ವಸ್ತುವೆಂದರೆ ಸ್ಪಂಜು, ಹತ್ತಿ, ತೆಂಗಿನ ನಾರು ಮೊದಲಾದ ರಂಧ್ರಮಯವಾದುವು. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಒಂದು ಉಪನ್ಯಾಸ ಮಂದಿರದಲ್ಲಿ ಮಾತು ಪ್ರತಿಧ್ವನಿಸಿ ಅಸ್ಪಷ್ಟವಾಗುತ್ತಿದ್ದಾಗ, ವಾಲೆಸ್ ಸಬೀನ್ ಎಂಬ ತರುಣ ಅಧ್ಯಾಪಕನು ಬೇರೊಂದು ಮಂದಿರದ ಆಸನದ ಮೆತ್ತೆಗಳನ್ನು ರಾತ್ರಿ ಹೊತ್ತಿನಲ್ಲಿ ತಂದು ಹರಡಿ, ಸದ್ದು ಆರುವ ಕಾಲವನ್ನು ಅಳೆದು ಈ ಶಾಸ್ತ್ರಕ್ಕೆ ತಳಹದಿ ಹಾಕಿದನು. ಆದರೆ ಮೆತ್ತೆಯು ಒಳಗೆ ಬಂದ ಸದ್ದು ಪುಟಿಯದಂತೆ ಮಾಡುವುದೇ ಹೊರತು, ಹೊರಗಿನದನ್ನು ತಡೆಯಲಾರದು. ಅಲ್ಲದೆ ಅದರ ದಪ್ಪವು ಅಲೆಯುದ್ದದ ಕಾಲುಭಾಗಕ್ಕೆ ಸಮೀಪವಾದಷ್ಟೂ ಹೀರಿಕೆ ಚೆನ್ನ. 1,000 ಕಂಪನಗಳ ದನಿಯ ಅಲೆಯುದ್ದ 34 ಸೆಂಟಿಮೀಟರು, ಕಾಲುಭಾಗ ಎಂಟೂವರೆ. ಇದಕ್ಕೆ ಮೂರು ನಾಲ್ಕು ಸೆಂಟಿಮೀಟರಿನ ಮೆತ್ತೆಯೂ ತಕ್ಕಮಟ್ಟಿಗೆ ಒದಗುವುದು. 100 ಕಂಪನಗಳದಕ್ಕಾದರೋ 86 ಸೆಂಟಿಮೀಟರು ಬೇಕಾಗುತ್ತದೆ. ಅಷ್ಟು ದಪ್ಪ ಮೆತ್ತೆಯನ್ನು ತುಂಬಿದರೆ ಕುಳಿತುಕೊಳ್ಳಲು ಸ್ಥಳವಿರದು. ನಮ್ಮ ಒಂದು ಸೆಂಟಿಮೀಟರಿನ ಸ್ಪಂಜು ಏಕೆ ಸೋತಿತೆಂಬುದು ಈಗ ಸ್ಪಷ್ಟವಾಯಿತಷ್ಟೆ.

ನೀರು ಮತ್ತು ಉಪ್ಪುಗಾಳಿ

ಪರದೇಶಗಳ ಪುಸ್ತಕಗಳನ್ನು ನೋಡಿ ಈ ಕೆಲಸಕ್ಕೆ ಕೈಹಾಕುವವರು ಒಂದನ್ನು ನೆನಪಿಡಬೇಕು. ಶಿರೂರಿನ ಸೀಮೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಮಳೆ. ಕಡಲಿನ ಉಪ್ಪುಗಾಳಿ ವರ್ಷವಿಡೀ. ಬಾಗಿಲಿನ ಗಾಜು ಇಳಿಯುವ ಸೀಳಿನಿಂದ ಮಳೆನೀರು ಬಾಗಿಲಿನೊಳಕ್ಕೆ ಹೋಗಿಯೇ ಹೋಗುವುದು. ತಳದ ತೂತುಗಳು ಆ ನೀರು ಹೊರಗೆ ಹೋಗುವುದಕ್ಕಾಗಿ ಇರುವುವು. ಅವನ್ನು ಮುಚ್ಚಿದರೆ ನೀರು ನಿಂತು, ಉಪ್ಪಿನ ಸಹಾಯದಿಂದ ಬಾಗಿಲನ್ನು ಒಳಗಿನಿಂದಲೇ ತುಕ್ಕು ತಿನ್ನುವುದು. ನಾವು ಸ್ಪಂಜನ್ನು ಕಿತ್ತು ನೋಡಿದಾಗ ಅಂಚಿನಲ್ಲಿ ಆಗಲೇ ಕೆಂಪು ಕಾಣಿಸಿಕೊಂಡಿತ್ತು. ರಂಧ್ರಗಳು ಒಂದಕ್ಕೊಂದು ತೆರೆದಿರುವ ಸ್ಪಂಜು ಸದ್ದನ್ನು ಹೀರುವಂತೆ ನೀರನ್ನೂ ಹೀರುತ್ತದೆ. ಮುಚ್ಚಿದ ರಂಧ್ರಗಳುಳ್ಳದ್ದು ನೀರನ್ನು ಹೀರದು, ಸದ್ದನ್ನೂ ಅಷ್ಟಾಗಿ ಹೀರದು. ಆದುದರಿಂದ ಬಾಗಿಲಿನ ಒಳಗೂ ನೆಲಹಾಸಿನ ಕೆಳಗೂ ತೆರೆದ ಸ್ಪಂಜನ್ನು ಇಡಲೇಬಾರದು. ಬಾಗಿಲಿನ ಒಳಹೊದಿಕೆಯ ಹಿಂದಿರುವ ಪ್ಲಾಸ್ಟಿಕ್ ಹಾಳೆಯನ್ನು ಹರಿಯದೆ ಮೊದಲಿನಂತೆಯೇ ಅಂಟಿಸಬೇಕು. ನೀರನ್ನು ತಡೆಯುವುದು ಅದೇ. ಡಿಕ್ಕಿಗೆ ನಾವು ದಪ್ಪನೆಯ ತೆಂಗಿನ ನಾರಿನ ಹಾಸನ್ನು ಅಂಟಿಸದೆ ಹಾಸಿದ್ದೇವೆ. ಬಿಸಿಲು ಬಂದ ದಿನ ಅದನ್ನು ಅಂಗಳದಲ್ಲಿ ಒಣಗಿಸಬಹುದು.

ಮುಚ್ಚಬೇಕಾದ ಬಿರುಕುಗಳು ಬೇರೆ ಇವೆ: ಬಾಗಿಲಿನ ಸುತ್ತಣ ರಬ್ಬರು ಬೀಡಿಂಗು, ತಂತಿಗಳು ಒಳಬರುವ ತೂತುಗಳ ರಬ್ಬರು ಬಳೆಗಳು. ಒಂದು ಚದರ ಮೀಟರಿನ ಬಾಗಿಲು 30 ಡೆಸಿಬೆಲ್ ತಡೆಯುವುದೆಂದರೆ ಸದ್ದಿನ ಸಾವಿರದಲ್ಲಿ ಒಂದು ಪಾಲನ್ನು ಮಾತ್ರ ಒಳಬಿಡುವುದೆಂದು ಅರ್ಥ. ಅದರ ಅಂಚಿನಲ್ಲಿ 10 ಚದರ ಸೆಂಟಿಮೀಟರಿನ ಸಂದು ಇದ್ದರೆ, ವಿಸ್ತಾರದ ಸಾವಿರದಲ್ಲಿ ಒಂದು ಪಾಲಾದ ಆ ಸಂದಿನಿಂದಲೇ ಅಷ್ಟೇ ಸದ್ದು ಬರುವುದು. ಒಂದು ಕಾಗದದ ಪಟ್ಟಿಯನ್ನು ಇಟ್ಟು ಬಾಗಿಲು ಹಾಕಿ ಎಳೆದು ನೋಡಿರಿ. ಸಡಿಲವಾಗಿ ಬಂದಲ್ಲಿ ಬೀಡಿಂಗು ಸತ್ತಿದೆ. ನಮ್ಮ ಎಲ್ಲ ಖರ್ಚಿನಲ್ಲಿ ಅತಿ ಹೆಚ್ಚು ಫಲ ಕೊಟ್ಟುದು ಹೊಸ ಬೀಡಿಂಗಿಗೆ ಕೊಟ್ಟ ಹಣವೆಂದೇ ನಮ್ಮ ಅಭಿಪ್ರಾಯ.

ಅಡಗಿಸಬಾರದ ಸದ್ದುಗಳೂ ಇವೆ. ವೇಗದೊಡನೆ ಏರುವ ಗುರ್ ಎಂಬ ಸದ್ದು ಕಾರು ಎಡಕ್ಕೋ ಬಲಕ್ಕೋ ವಾಲಿದಾಗ ಬದಲಾದರೆ, ಅದು ಚಕ್ರದ ಬೇರಿಂಗು ಸವೆದುದರ ಸೂಚನೆಯಾಗಿರಬಹುದು. ಟಯರು ಅಲೆಅಲೆಯಾಗಿ ಸವೆದಾಗಲೂ ಇಂತಹ ಗುಡುಗು ಬರುವುದು. ಮುಂದಿನ ಹಿಂದಿನ ಟಯರುಗಳನ್ನು ಅದಲುಬದಲು ಮಾಡಿದಾಗ ಸದ್ದೂ ಸ್ಥಳ ಬದಲಿಸಿದರೆ ದೋಷವು ಟಯರಿನದು. ಮೆಕ್ಯಾನಿಕ್ಕಿಗೆ ತೋರಿಸುವ ಮೊದಲು ಹಾಳೆ ಅಂಟಿಸುವುದು, ಜ್ವರದ ಕಾರಣವನ್ನು ನೋಡದೆ ಹಣೆಗೆ ಪಟ್ಟಿ ಹಾಕಿದಂತೆ. ಆಸನಗಳ ಕೆಳಗೂ ಬಾಗಿಲಿನ ಕಂಬಗಳಲ್ಲಿಯೂ ಏರ್‌ಬ್ಯಾಗಿನ ತಂತಿಗಳಿರಬಹುದು. ಅವನ್ನು ವಿದ್ಯಾರ್ಥಿಗಳು ಮುಟ್ಟಲಾಗದು. ಪೆಡಲುಗಳ ಕೆಳಗೆ ಹಾಸು ದಪ್ಪವಾಗಕೂಡದು. ಹೊಗೆಕೊಳವೆಯ ಮೇಲಿನ ತಗಡು ಬಿಸಿಯಾಗುವುದರಿಂದ ಅಲ್ಲಿ ಸ್ಪಂಜು ಸಲ್ಲದು.

ಯಾವ ಖರ್ಚೂ ಇಲ್ಲದ ಉಪಾಯವೊಂದುಂಟು. ವೇಗವು ಇಮ್ಮಡಿಯಾದರೆ ಟಯರಿನ ಸದ್ದು ಸುಮಾರು 9ರಿಂದ 12 ಡೆಸಿಬೆಲ್ ಏರುತ್ತದೆ. ಈ ಲೆಕ್ಕದಲ್ಲಿ 80ರಿಂದ 60ಕ್ಕೆ ಇಳಿದರೆ 4 ಅಥವಾ 5 ಡೆಸಿಬೆಲ್ ಇಳಿಯುವುದು, ಎಂದರೆ 15 ಕಿಲೋಗ್ರಾಂ ಹಾಸಿನಿಂದ ನೆಲಕ್ಕೆ ದೊರೆತಷ್ಟು. ಶಿರೂರಿನಿಂದ ಕುಂದಾಪುರಕ್ಕೆ ಇದರಿಂದ ಆಗುವ ವಿಳಂಬ ಹತ್ತು ನಿಮಿಷ.

ಡಿಕ್ಕಿಗೂ ಮಡ್‌ಗಾರ್ಡಿಗೂ ಬ್ಯುಟೈಲ್ ಹಾಳೆ, ಹಿಂಬದಿಯ ನೆಲಕ್ಕೆ ಭಾರದ ಹಾಸು, ಹೊಸ ಬೀಡಿಂಗು, ಮಾಡಿನ ನಡುವೆ ಒಂದು ತುಂಡು ಹಾಳೆ: ಇಷ್ಟನ್ನು ಮಾಡಿದ ಮೇಲೆ ಹಿರಿಯರು ಈಗ ಮರವಂತೆಯವರೆಗೂ ಮಾತನಾಡುತ್ತ ಬರುತ್ತಾರೆ. ಜೋರುಮಳೆಯಲ್ಲಿ ಮಾಡು ಮೊಳಗುತ್ತಿದ್ದುದೂ ನಿಂತಿದೆ. ಗಾಜಿನಿಂದ ಬರುವ ಸದ್ದಿಗೆ ನಾವು ಏನನ್ನೂ ಮಾಡಲಾಗಲಿಲ್ಲ. ಒರಟು ಡಾಮರಿನ ಮೇಲೆ ಒಂದು ಎಳೆದ ಸ್ವರವೂ ಉಳಿದುಕೊಂಡಿದೆ. ಅದು ಟಯರಿನ ಒಳಗಿನ ಗಾಳಿಯ ಅನುರಣನ. ನಮ್ಮ ಟಯರಿನ ಹೊರವ್ಯಾಸ 62 ಸೆಂಟಿಮೀಟರು, ರಿಮ್ಮಿನ ವ್ಯಾಸ ಸುಮಾರು 36. ನಡುವಣ ಗಾಳಿಯ ಬಳೆಯ ಸರಾಸರಿ ವ್ಯಾಸ 49, ಸುತ್ತಳತೆ 1.54 ಮೀಟರು. ಶಬ್ದದ ವೇಗವಾದ 343ನ್ನು ಇದರಿಂದ ಭಾಗಿಸಿದರೆ ಸೆಕೆಂಡಿಗೆ 223 ಕಂಪನಗಳಾಗುವುವು. ಮನೆಯಲ್ಲಿ ಹಾರ್ಮೋನಿಯಂ ಇದ್ದವರು 220 ಕಂಪನಗಳ ಮನೆಯನ್ನು ಒತ್ತಿ ಆ ಸ್ವರವನ್ನು ಕಿವಿಯಲ್ಲಿರಿಸಿಕೊಂಡು, ಮುಂದಿನ ಪ್ರಯಾಣದಲ್ಲಿ ಹಿಂದಿನ ಆಸನದಲ್ಲಿ ಕುಳಿತು ಆಲಿಸಿ ನೋಡಬಹುದು.